ಬಚ್ಚಲಿನ ಉರಿಗೂ ಉಸಿರು ಬೇಕು

ಗೌರಿಬಿದನೂರಿನಲ್ಲಿ ಈಗ ಕಟ್ಟುತ್ತಿರುವ ಬಾಡಿಗೆ ಮನೆಗಳಲ್ಲಿ ಬಚ್ಚಲು ನಾಲ್ಕಡಿ ಅಗಲ, ಆರಡಿ ಉದ್ದ ಇದ್ದರೆ ಅದೇ ಹೆಚ್ಚು. ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಮೂರು ಮಹಡಿ ಎಬ್ಬಿಸಿ, ಕುಡುಮಲಕುಂಟೆ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗುವವರಿಗೆ ಕೊಡಬೇಕೆಂದರೆ ಬಚ್ಚಲಿಗೆ ಇಷ್ಟೇ ಜಾಗ ಉಳಿಯುವುದು. ಮೇಲೆ ಒಂದು ವೆಂಟಿಲೇಟರ್, ಅದರಲ್ಲಿ ಓರೆಯಾಗಿ ಜೋಡಿಸಿದ ಗಾಜಿನ ಪಟ್ಟಿಗಳು. ಅದರಾಚೆ ಒಂದೂವರೆ ಅಡಿ ಬಿಟ್ಟು ಪಕ್ಕದ ಮನೆಯ ಗೋಡೆ. ಮಳೆಗಾಲದಲ್ಲಿ ಸೊಳ್ಳೆಗೆ, ಡಿಸೆಂಬರಿನಲ್ಲಿ ಚಳಿಗೆ ಹೆದರಿ ಆ ಪಟ್ಟಿಗಳಿಗೆ ಒಳಗಿನಿಂದ ರಟ್ಟು ಕಟ್ಟಿರುತ್ತಾರೆ. ನಲ್ಲಿಯ ಪಕ್ಕದ ಗೋಡೆಯಲ್ಲಿ, ತಲೆಯ ಎತ್ತರಕ್ಕೆ, ಗ್ಯಾಸ್ ಗೀಸರ್ ನೇತಾಡುತ್ತಿರುತ್ತದೆ.

ಈ ಅಳತೆಯನ್ನು ಹಿಡಿದು ಒಂದು ಲೆಕ್ಕ ಹಾಕಿ ನೋಡಬೇಕು. ಎಂಟಡಿ ಎತ್ತರದ ಆ ಬಚ್ಚಲಲ್ಲಿ ಹಿಡಿಯುವ ಗಾಳಿ 192 ಘನ ಅಡಿ, ಅಂದರೆ ಸುಮಾರು 5.4 ಘನ ಮೀಟರ್. ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುವ ಗೀಸರ್ ಪೂರ್ತಿ ಉರಿಯಲ್ಲಿದ್ದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಗ್ಯಾಸ್ ಸುಡುತ್ತದೆ. ಅಡುಗೆಮನೆಯ ದೊಡ್ಡ ಬರ್ನರ್ ಸುಡುವುದರ ಐದಾರು ಪಟ್ಟು ಇದು. ಒಂದು ಕಿಲೋ ಎಲ್‌ಪಿಜಿ ಪೂರ್ತಿಯಾಗಿ ಉರಿಯಲು 12ರಿಂದ 13 ಘನ ಮೀಟರ್ ಗಾಳಿ ಬೇಕು. ಹತ್ತು ನಿಮಿಷದ ಸ್ನಾನಕ್ಕೆ 160 ಗ್ರಾಂ ಗ್ಯಾಸ್ ಉರಿಯಿತು ಎನ್ನಿ, 2 ಘನ ಮೀಟರ್ ಗಾಳಿಯಲ್ಲಿದ್ದ ಆಮ್ಲಜನಕವೆಲ್ಲ ಮುಗಿದಂತೆ. ಬಚ್ಚಲಿನಲ್ಲಿದ್ದದ್ದೇ ಐದೂವರೆ. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಗೀಸರ್ ತಿಂದುಹಾಕಿದೆ. ಒಳಗೆ ನಿಂತವರೂ ಅದೇ ಗಾಳಿಯನ್ನು ಉಸಿರಾಡುತ್ತಿದ್ದಾರೆ. ಬಾಗಿಲ ಸಂದಿಯಿಂದ ಸ್ವಲ್ಪ ಹೊಸ ಗಾಳಿ ಬರುತ್ತದೆ ನಿಜ, ಅದರಿಂದ ಈ ಖರ್ಚು ಕೊಂಚ ನಿಧಾನವಾಗಬಹುದು, ಅಷ್ಟೆ.

ಆಮ್ಲಜನಕ ಸಾಕಷ್ಟಿದ್ದಾಗ ಗ್ಯಾಸಿನಲ್ಲಿರುವ ಇಂಗಾಲದ ಒಂದೊಂದು ಕಣಕ್ಕೂ ಎರಡೆರಡು ಆಮ್ಲಜನಕದ ಕಣ ಸಿಗುತ್ತದೆ. ಆಗ ಹೊರಬರುವುದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನ ಹಬೆ. ಆಮ್ಲಜನಕ ಕಡಿಮೆಯಾದರೆ ಒಂದೇ ಕಣಕ್ಕೆ ತೃಪ್ತಿಪಡಬೇಕು, ಆಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಗಾಳಿಯಲ್ಲಿ ಸಾಮಾನ್ಯವಾಗಿ ಶೇ 21ರಷ್ಟು ಆಮ್ಲಜನಕ ಇರುತ್ತದೆ. ಅದು ಎರಡು ಮೂರು ಅಂಶ ಇಳಿದರೂ ಸಾಕು, ಉರಿ ಕೆಡಲು ಶುರುವಾಗುತ್ತದೆ. ಸುಟ್ಟು ಹೊರಬಂದ ಗಾಳಿಯೇ ತಿರುಗಿ ಬರ್ನರಿನ ಬುಡಕ್ಕೆ ಸೇರಿಕೊಳ್ಳುತ್ತದೆ, ಉರಿ ಇನ್ನಷ್ಟು ಕೆಡುತ್ತದೆ, ವಿಷ ಇನ್ನಷ್ಟು ಹುಟ್ಟುತ್ತದೆ. ಮೊದಲ ಐದು ನಿಮಿಷ ಏನೂ ಆಗಲಿಲ್ಲ ಎಂಬುದು ಮುಂದಿನ ಐದು ನಿಮಿಷಕ್ಕೆ ಭರವಸೆಯಲ್ಲ.

ಸಿಲಿಂಡರಿನೊಳಗೆ ಕಾರ್ಬನ್ ಮಾನಾಕ್ಸೈಡ್ ಇರುವುದೇ ಇಲ್ಲ. ಅದು ಹುಟ್ಟುವುದು ಉರಿಯಲ್ಲಿ. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ಮಿಕ್ಕದ್ದೆಲ್ಲ ತಾನಾಗಿ ತಿಳಿಯುತ್ತದೆ. ಆದರೆ ಇಂಥ ಸಾವಿನ ಸುದ್ದಿ ಬಂದಾಗಲೆಲ್ಲ ನಾವು ಓದುವುದು ‘ಗೀಸರ್ ಅನಿಲ ಸೋರಿಕೆ’ ಎಂದು. ಓದಿದವರು ಏನು ಮಾಡುತ್ತಾರೆ? ಟ್ಯೂಬು ಬದಲಾಯಿಸುತ್ತಾರೆ, ರೆಗ್ಯುಲೇಟರಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುತ್ತಾರೆ, ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆ ನೆಮ್ಮದಿಯಿಂದ ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಇಳಿಯುತ್ತಾರೆ. ಟ್ಯೂಬು ಹೊಸದು, ಜೋಡಣೆ ಬಿಗಿ, ಒಂದು ತೊಟ್ಟು ಗ್ಯಾಸೂ ಸೋರುತ್ತಿಲ್ಲ, ಆದರೂ ಅದೇ ಬಚ್ಚಲಲ್ಲಿ ಸಾಯಬಹುದು. ಸೋರಿಕೆಯ ಭಯ ಬೇಡವೆಂದಲ್ಲ. ಅದು ಬೆಂಕಿಯ, ಸ್ಫೋಟದ ಅಪಾಯ, ಅದಕ್ಕೆ ಬೇರೆ ಎಚ್ಚರ ಬೇಕು. ಸೋರಿದರೆ ಮೂಗಿಗೆ ಗೊತ್ತಾಗಲೆಂದೇ ಎಲ್‌ಪಿಜಿಗೆ ಎಥಿಲ್ ಮರ್ಕ್ಯಾಪ್ಟಾನ್ ಎಂಬ ಕೊಳೆತ ನಾತದ ರಾಸಾಯನಿಕವನ್ನು ಬೆರೆಸಿರುತ್ತಾರೆ. ಆ ನಾತವೂ ಉರಿಯಲ್ಲಿ ಸುಟ್ಟುಹೋಗುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ.

2023ರ ಜೂನ್‌ನಲ್ಲಿ ಬೆಂಗಳೂರಿನ ಉತ್ತರಕ್ಕೆ, ಚಿಕ್ಕಬಳ್ಳಾಪುರದ ಕಡೆ ಬರುವ ಹೆದ್ದಾರಿಯ ಚಿಕ್ಕಜಾಲದ ಬಳಿ, ಬಾಡಿಗೆ ಮನೆಯ ಬಚ್ಚಲಲ್ಲಿ ಯುವ ಜೋಡಿಯೊಂದು ಹೀಗೆ ತೀರಿಕೊಂಡಿತು. 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಇಬ್ಬರು ಅಕ್ಕತಂಗಿಯರು. ಎರಡೂ ಕಡೆ ಗ್ಯಾಸ್ ಗೀಸರ್. ಒಬ್ಬರಿಗೆ ತಲೆ ತಿರುಗಿದಾಗ ಇನ್ನೊಬ್ಬರು ಕೂಗಿ ಕರೆಯಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಆಗದಿರುವುದಕ್ಕೆ ಕಾರಣ ನಮ್ಮ ರಕ್ತದಲ್ಲೇ ಇದೆ.

ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಶ್ವಾಸಕೋಶದಲ್ಲಿ ಹತ್ತಿಸಿಕೊಂಡು ಮಿದುಳು, ಹೃದಯ, ಕೈಕಾಲುಗಳಲ್ಲಿ ಇಳಿಸುತ್ತದೆ. ಬೆಂಗಳೂರಿನ ಬಸ್ಸಿನಲ್ಲಿ ಸೀಟು ಹಿಡಿದು ಯಾವ ಸ್ಟಾಪಿನಲ್ಲೂ ಇಳಿಯದೆ ಕೂತೇ ಇರುವವನಂತೆ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡುಬಿಡುತ್ತದೆ. ಆಮ್ಲಜನಕಕ್ಕೆ ಹೋಲಿಸಿದರೆ ಅದರ ಹಿಡಿತ 200ರಿಂದ 250 ಪಟ್ಟು ಬಲ. ಆದ್ದರಿಂದ ಗಾಳಿಯಲ್ಲಿ ಅದು ತೀರಾ ಸ್ವಲ್ಪ ಇದ್ದರೂ ರಕ್ತದಲ್ಲಿ ಸೇರುತ್ತಾ ಸೇರುತ್ತಾ ಹೋಗುತ್ತದೆ. ಹತ್ತು ಲಕ್ಷ ಪಾಲು ಗಾಳಿಗೆ 200 ಪಾಲು ಇದ್ದರೆ ಎರಡು ಮೂರು ಗಂಟೆಯಲ್ಲಿ ತಲೆನೋವು, ಸುಸ್ತು. 1,600 ಪಾಲಿಗೆ ಏರಿದರೆ 20 ನಿಮಿಷದಲ್ಲಿ ತಲೆಸುತ್ತು, ವಾಕರಿಕೆ. ಒಂದೆರಡು ಗಂಟೆಯಲ್ಲಿ ಪ್ರಾಣ ಹೋಗುತ್ತದೆ. 6,400 ಪಾಲಿನಲ್ಲಿ ಹತ್ತು ಹದಿನೈದು ನಿಮಿಷ ಸಾಕು.

ಮಿದುಳು ಮಂಕಾಗುವುದು ಮಂಕಾದವರಿಗೆ ತಿಳಿಯುವುದಿಲ್ಲ. ಉಸಿರುಗಟ್ಟಿದ ಅನುಭವವೂ ಆಗುವುದಿಲ್ಲ, ಏಕೆಂದರೆ ಉಸಿರು ಎಂದಿನಂತೆ ಆಡುತ್ತಲೇ ಇರುತ್ತದೆ. ಬಿಸಿನೀರಿನ ಸ್ನಾನದಲ್ಲಿ ಕೊಂಚ ತಲೆ ಭಾರವಾದರೆ ಹಬೆಗೆ ಹಾಗಾಗಿದೆ ಎಂದುಕೊಳ್ಳುತ್ತೇವೆ. ಅಷ್ಟರಲ್ಲಿ ಕಾಲಿನ ಶಕ್ತಿ ಹೋಗಿರುತ್ತದೆ. ಚಿಲಕ ಕೈಗೆಟುಕುವ ದೂರದಲ್ಲಿದ್ದರೂ ಎದ್ದು ನಿಲ್ಲಲು ಆಗುವುದಿಲ್ಲ, ಕೂಗಬೇಕೆಂಬ ಯೋಚನೆ ಬರುವಷ್ಟು ಎಚ್ಚರವೂ ಉಳಿದಿರುವುದಿಲ್ಲ. ಒಳಗಿದ್ದ ಇಬ್ಬರಿಗೂ ಒಟ್ಟಿಗೇ ಹೀಗಾಗುತ್ತದೆ.

ಬದುಕಿ ಉಳಿದವರ ವಿಷಯದಲ್ಲೂ ನಿಜ ಕಾರಣ ಮರೆಯಾಗುವುದುಂಟು. ದಕ್ಷಿಣ ಕರ್ನಾಟಕದಲ್ಲಿ ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಮೂರ್ಛೆರೋಗ ವೈದ್ಯರಿಗೆ ಚೆನ್ನಾಗಿ ಗೊತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದರ ಮೇಲೆ ದಶಕಗಟ್ಟಲೆ ಅಧ್ಯಯನ ನಡೆದಿದೆ. ಹಾಗಾಗಿ ಬಚ್ಚಲಲ್ಲಿ ಯಾರಾದರೂ ಬಿದ್ದು ಕೈಕಾಲು ಸೆಟೆದರೆ ಮನೆಯವರ ಬಾಯಲ್ಲಿ ಮೊದಲು ಬರುವ ಮಾತು ‘ಫಿಟ್ಸ್ ಬಂತು’. ಗ್ಯಾಸ್ ಗೀಸರಿನಿಂದಲೂ ಹಾಗೆಯೇ ಬೀಳಬಹುದು, ಹಾಗೆಯೇ ಸೆಳೆತ ಬರಬಹುದು. ವಯಸ್ಸಾದವರಾದರೆ ಹಾರ್ಟ್ ಅಟ್ಯಾಕ್ ಎಂದು ತೀರ್ಮಾನವಾಗುತ್ತದೆ. ಇಂಥ ಪ್ರಸಂಗದಲ್ಲಿ ಕೇಳಬೇಕಾದ ಪ್ರಶ್ನೆ ಸರಳ: ನೀರು ಕಾದದ್ದು ಯಾವುದರಲ್ಲಿ? ಸೋಲಾರ್ ನೀರಿನಲ್ಲೋ ಒಲೆಯ ನೀರಿನಲ್ಲೋ ಮಿಂದಾಗ ಏನೂ ಆಗದೆ, ಗೀಸರ್ ಹಚ್ಚಿದ ದಿನವೇ ತಲೆ ತಿರುಗುತ್ತದೆಯೇ? ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಭೌತವಿಜ್ಞಾನ ಓದಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಎಚ್. ನರಸಿಂಹಯ್ಯನವರು ಬದುಕಿಡೀ ಹೇಳುತ್ತಾ ಬಂದದ್ದು ಇಂಥ ಪ್ರಶ್ನೆ ಕೇಳುವ ಅಭ್ಯಾಸವನ್ನೇ.

ನನಗೆ ಹೆಚ್ಚು ಆತಂಕವಿರುವುದು ಬಾಣಂತಿ ಮನೆಗಳ ಬಗ್ಗೆ. ನಮ್ಮ ಕಡೆ ಬಾಣಂತಿಗೆ ನೀರು ಹಾಕುವುದೆಂದರೆ ಹತ್ತು ನಿಮಿಷದ ಕೆಲಸವಲ್ಲ. ಮೈಗೆಲ್ಲ ಎಣ್ಣೆ ತೀಡಿ, ಸೊಂಟಕ್ಕೆ, ಬೆನ್ನಿಗೆ ಬಿಸಿನೀರನ್ನು ಚೊಂಬುಚೊಂಬಾಗಿ ಬೀಸಿ ಹುಯ್ಯಬೇಕು. ಆಮೇಲೆ ಕೂಸಿನ ಸರದಿ. ನೀರು ಹಾಕುವ ಅಜ್ಜಿಯೋ ಆಯಾಳೋ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ಒತ್ತಿ ಎರೆಯುತ್ತಾಳೆ. ಒಳಗೆ ಮೂರು ಜೀವ, ಅರ್ಧ ಗಂಟೆ, ಮುಕ್ಕಾಲು ಗಂಟೆ. ಹೊರಗೆ ಯಾರಾದರೂ ಬಾಗಿಲು ತೆಗೆದರೆ ‘ಮುಚ್ಚಮ್ಮ ಬಾಗ್ಲು, ಮಗೂಗೆ ಗಾಳಿ ಹೊಡೀತೈತೆ’ ಎಂಬ ಗದರಿಕೆ. ವೆಂಟಿಲೇಟರಿನ ಸಂದಿಗೂ ಬಟ್ಟೆ ತುರುಕಿರುತ್ತಾರೆ. ಮಿಂದು ಬಂದ ಮೇಲೆ ಕೋಣೆಯಲ್ಲಿ ಅಗ್ಗಿಷ್ಟಿಕೆ, ಕೆಂಡದ ಮೇಲೆ ಸಾಂಬ್ರಾಣಿ, ಅಲ್ಲಿಯೂ ಕಿಟಕಿ ಮುಚ್ಚಿದ್ದೇ.

ಇದರಲ್ಲಿರುವ ಅಕ್ಕರೆ ಸಣ್ಣದಲ್ಲ. ಹಸಿ ಮೈಯವಳಿಗೆ ಥಂಡಿ ತಾಗಬಾರದೆಂದು ತಲೆತಲಾಂತರದಿಂದ ನೋಡಿಕೊಂಡು ಬಂದವರ ಕಾಳಜಿ ಅದು. ಆದರೆ ಆ ಪದ್ಧತಿ ಬೆಳೆದ ಮನೆ ಬೇರೆಯಾಗಿತ್ತು. ಮಾಳಿಗೆ ಮನೆಯ ಚಾವಣಿಯಲ್ಲಿ ಗವಾಕ್ಷಿ ಇತ್ತು. ಹೆಂಚಿನ ಮನೆಯಾದರೆ ಹೆಂಚಿನ ಸಂದಿಯೇ ಗಾಳಿಯ ದಾರಿ. ಹಲವು ಮನೆಗಳಲ್ಲಿ ಹಂಡೆ ಬಚ್ಚಲ ಒಳಗಿದ್ದರೂ ಒಲೆಯ ಬಾಯಿ ಹಿತ್ತಲಿಗೆ ತೆರೆದಿರುತ್ತಿತ್ತು. ಸೌದೆ ತಳ್ಳುವವರು ಹೊರಗೆ ಕೂತು ತಳ್ಳುತ್ತಿದ್ದರು, ಹೊಗೆಯೂ ಹೊರಗೇ ಹೋಗುತ್ತಿತ್ತು. ಒಳಗೇ ಒಲೆ ಇದ್ದ ಕಡೆ ಹೊಗೆ ಕಣ್ಣಿಗೆ ಬಡಿದು ಬಾಗಿಲು ತೆಗೆಸುತ್ತಿತ್ತು. ಗ್ಯಾಸ್ ಬಂದ ಮೇಲೆ ಹೊಗೆ ಹೋಯಿತು. ಹೊಗೆಯಿಂದ ಹೆಣ್ಣುಮಕ್ಕಳ ಕಣ್ಣು, ಎದೆಗೂಡು ಉಳಿದದ್ದು ದೊಡ್ಡ ಲಾಭವೇ. ಆದರೆ ಹೊಗೆಯ ಜೊತೆಗೆ ಅದರ ಎಚ್ಚರಿಕೆಯೂ ಹೋಯಿತು. ಮನೆಗೆ ಆರ್‌ಸಿಸಿ ಚಾವಣಿ, ಅಲ್ಯೂಮಿನಿಯಂ ಕಿಟಕಿ, ಬಿಗಿಯಾಗಿ ಕೂರುವ ಪಿವಿಸಿ ಬಾಗಿಲು ಬಂದವು. ಬೆಂಕಿ ಮಾತ್ರ ಹಿತ್ತಲಿನಿಂದ ಬಚ್ಚಲ ಒಳಕ್ಕೆ ಬಂತು.

ಕೂಸಿನ ಉಸಿರಾಟ ದೊಡ್ಡವರಿಗಿಂತ ಚುರುಕು. ಆದ್ದರಿಂದ ಅದೇ ಗಾಳಿಯಲ್ಲಿ ವಿಷ ಅದರ ಮೈಗೆ ಬೇಗ ಏರುತ್ತದೆ. ಬಸುರಿಯರಾದರೆ ಹೊಟ್ಟೆಯೊಳಗಿನ ಮಗುವಿನ ಹಿಮೋಗ್ಲೋಬಿನ್ ತಾಯಿಯದಕ್ಕಿಂತ ಗಟ್ಟಿಯಾಗಿ ಕಾರ್ಬನ್ ಮಾನಾಕ್ಸೈಡನ್ನು ಹಿಡಿದಿಟ್ಟುಕೊಳ್ಳುತ್ತದೆ. ತಾಯಿ ಚೇತರಿಸಿಕೊಂಡರೂ ಮಗು ಅಪಾಯದಲ್ಲೇ ಇರಬಹುದು. ಬಾಣಂತಿಗೆ ಬಿಸಿನೀರು ಬೇಕೇ ಬೇಕೆಂದಿದ್ದರೆ ನೀರನ್ನು ಹೊರಗೆ ಕಾಯಿಸಿ ಹಂಡೆಗೋ ಡ್ರಮ್ಮಿಗೋ ತುಂಬಿಟ್ಟುಕೊಳ್ಳಿ. ಸ್ನಾನ ನಡೆಯುವಾಗ ಒಳಗೆ ಯಾವ ಉರಿಯೂ ಇರಬಾರದು. ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟರೆ ಕಿಟಕಿಯ ಒಂದು ಬಾಗಿಲು ತೆರೆದಿರಲಿ, ನಿದ್ದೆಗೆ ಮುಂಚೆ ಕೆಂಡವನ್ನು ಅಂಗಳಕ್ಕೆ ಹಾಕಿ.

ಕೆಂಡದ ಮಾತು ಬಂತು. ಇದ್ದಿಲು ಕೆಂಪಗೆ ಉರಿಯುವಾಗ ಹೊಗೆ ಕಾಣದ ಕಾರಣ ಅದು ನಿರಪಾಯವೆಂದು ನಂಬಿದವರು ಬಹಳ. ಗ್ಯಾಸಿನ ಉರಿ ಕೆಟ್ಟಾಗ ಮಾತ್ರ ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ. ಇದ್ದಿಲಾದರೆ ಚೆನ್ನಾಗಿ ಉರಿಯುವಾಗಲೂ ಧಾರಾಳವಾಗಿ ಬಿಡುತ್ತದೆ. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹಚ್ಚಿಟ್ಟು ಮಲಗಿದ ಮೂವರು ಯುವಕರು ಮತ್ತೆ ಏಳಲಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಗುಡ್ಡದೂರಿನಲ್ಲಿ ಕೇರಳದ ಎಂಟು ಪ್ರವಾಸಿಗರು, ಅವರಲ್ಲಿ ನಾಲ್ವರು ಮಕ್ಕಳು, ಗ್ಯಾಸ್ ಹೀಟರ್ ಹಚ್ಚಿ ಕಿಟಕಿ ಬಾಗಿಲು ಭದ್ರಪಡಿಸಿ ಮಲಗಿದ್ದ ರೆಸಾರ್ಟಿನ ಕೋಣೆಯಲ್ಲಿ ಸತ್ತರು. ನಮ್ಮವರು ಚಳಿಗಾಲದಲ್ಲಿ ಉತ್ತರದ ಕಡೆ ಯಾತ್ರೆಗೆ ಹೋಗುವಾಗ ನೆನಪಿಡಬೇಕಾದ ಘಟನೆ ಇದು.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇದ್ದಿಲು ಚಳಿ ಕಾಯಿಸಲಿಕ್ಕಷ್ಟೇ ಬಳಕೆಯಾಗುವುದಲ್ಲ. ಶಿಡ್ಲಘಟ್ಟ, ಚಿಂತಾಮಣಿ ಸೀಮೆಯ ರೇಷ್ಮೆ ಹುಳುಮನೆಗಳಲ್ಲಿ ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27 ಡಿಗ್ರಿಯ ಆಸುಪಾಸಿನ ಶಾಖ ಬೇಕು, ತೇವವೂ ಹಿಡಿದಿರಬೇಕು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೊರಗೆ ಚಳಿ ಇಳಿದಾಗ ಕಿಟಕಿಗೆ ಪ್ಲಾಸ್ಟಿಕ್ ಹೊದಿಸಿ ಒಳಗೆ ಇದ್ದಿಲ ಒಲೆಯೋ ಹೀಟರೋ ಇಡುತ್ತಾರೆ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಮೇಲೆ, ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕಲ್ಲ, ಮನೆಯವರಲ್ಲಿ ಒಬ್ಬರು ಹುಳುಮನೆಯಲ್ಲೇ ಚಾಪೆ ಹಾಸಿಕೊಂಡು ಮಲಗಿಬಿಡುತ್ತಾರೆ. ಮುಚ್ಚಿದ ಮನೆಯ ಕೆಟ್ಟ ಗಾಳಿ ಹುಳುವಿಗೂ ಆಗುವುದಿಲ್ಲ ಎಂಬುದು ರೇಷ್ಮೆ ರೈತರಿಗೆ ಗೊತ್ತಿರುವ ಸಂಗತಿಯೇ. ಹುಳುವಿಗಾಗಿ ಆಗಾಗ ಕಿಟಕಿ ತೆಗೆಯುವವರು ತಮ್ಮ ನಿದ್ದೆಯ ಹೊತ್ತಿಗೂ ಅದೇ ಕಾಳಜಿ ವಹಿಸಬೇಕು. ಇದ್ದಿಲ ಒಲೆ ಉರಿಯುವ ಕಡೆ ಮಲಗಬಾರದು. ಸೊಪ್ಪು ಹಾಕಿ ಬಂದು ಬೇರೆ ಕೋಣೆಯಲ್ಲೋ ಜಗಲಿಯಲ್ಲೋ ಮಲಗಬೇಕು. ವಿದ್ಯುತ್ ಹೀಟರಿಗೆ ಬದಲಾಯಿಸಲು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು. ಕರೆಂಟು ಹೋದಾಗ ಜನರೇಟರ್ ಹಚ್ಚುವವರು ಅದನ್ನು ಶೆಡ್ಡಿನೊಳಗೆ, ಅಂಗಡಿಯ ಒಳಗೆ ಇಡಬಾರದೆಂಬುದೂ ಇದೇ ಕಾರಣಕ್ಕೆ.

ಇಷ್ಟೆಲ್ಲ ಅಪಾಯವಿದ್ದರೂ ಗ್ಯಾಸ್ ಗೀಸರನ್ನು ಜನ ಕೊಳ್ಳುವುದಕ್ಕೆ ಕಾರಣಗಳಿವೆ, ಅವನ್ನು ತಳ್ಳಿಹಾಕಲಾಗದು. ಬೆಳಿಗ್ಗೆ ಐದೂವರೆಯ ರೈಲಿಗೋ ಬಸ್ಸಿಗೋ ಓಡುವವರಿಗೆ ನಲ್ಲಿ ತಿರುಗಿಸಿದೊಡನೆ ಬಿಸಿನೀರು ಬರುತ್ತದೆ. ಕರೆಂಟು ಹೋದರೂ ಚಿಂತೆಯಿಲ್ಲ, ಸಣ್ಣ ಬ್ಯಾಟರಿ ಸೆಲ್ಲಿನಿಂದಲೇ ಕಿಡಿ ಹೊತ್ತುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ, ವಿದ್ಯುತ್ ಗೀಸರ್ ಹಾಕಿದರೆ ಹಳೆಯ ಸರಾಸರಿಯ ಮೇಲೆ ಸಿಗುವ ಹೆಚ್ಚುವರಿ ಯೂನಿಟ್ಟಿನ ಮಿತಿ ದಾಟಿಬಿಡುತ್ತದೆಂದು ಲೆಕ್ಕ ಹಾಕುವ ಮನೆಗಳೂ ಇವೆ. ಸೋಲಾರ್ ಇದ್ದವರಿಗೂ ಮೋಡದ ದಿನಗಳಲ್ಲಿ ಇನ್ನೊಂದು ದಾರಿ ಬೇಕು. ಹಾಗಾಗಿ ಗೀಸರನ್ನೇ ತೆಗೆಸಿಬಿಡಿ ಎಂದು ಹೇಳುವುದರಿಂದ ಪ್ರಯೋಜನವಿಲ್ಲ. ಅದನ್ನು ಎಲ್ಲಿ ಇಡಬೇಕು ಎಂಬುದೇ ಪ್ರಶ್ನೆ.

ಉತ್ತರ ಹಳೆಯ ಹಂಡೆ ಒಲೆಯಲ್ಲೇ ಇದೆ. ಬೆಂಕಿ ಹೊರಗಿರಲಿ, ನೀರು ಒಳಗೆ ಬರಲಿ. ಗೀಸರನ್ನು ಬಚ್ಚಲಿನ ಹೊರಗೋಡೆಗೆ, ತೆರೆದ ಯುಟಿಲಿಟಿಗೆ, ಬಾಲ್ಕನಿಗೆ ಕೂರಿಸಿ ಬಿಸಿನೀರಿನ ಪೈಪು ಮಾತ್ರ ಒಳಕ್ಕೆ ಎಳೆಯಬೇಕು. ನಾಲ್ಕೈದು ಅಡಿ ಪೈಪು, ಗೋಡೆಗೆ ಒಂದು ತೂತು, ಪ್ಲಂಬರ್ ಕೂಲಿ, ಇಷ್ಟೇ ಹೆಚ್ಚುವರಿ ಖರ್ಚು. ಕೂರಿಸಲು ಬಂದವರು ‘ಒಳಗೇ ಹಾಕಿದ್ರೆ ಪೈಪು ಉಳೀತೈತೆ ಸಾರ್’ ಎಂದರೆ ಒಪ್ಪಬೇಡಿ. ‘ಹೊರಗೆ’ ಎಂದು ಅಡುಗೆಮನೆಗೋ ಮಲಗುವ ಕೋಣೆಯ ಮೂಲೆಗೋ ತಂದು ಹಾಕಿದರೂ ಅಪಾಯ ಜಾಗ ಬದಲಿಸುತ್ತದೆ, ಹೋಗುವುದಿಲ್ಲ. ಆಕಾಶಕ್ಕೆ ತೆರೆದ ಕಡೆಯೇ ಆಗಬೇಕು.

ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಮಾಲೀಕರು ಬಿಡದಿರಬಹುದು. ಅಲ್ಲಿಯವರೆಗೆ ಮಾಡಬಹುದಾದ್ದು ಇದು: ಬಾಗಿಲು ತೆರೆದಿಟ್ಟು ಗೀಸರ್ ಹಚ್ಚಿ, ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಐದು ನಿಮಿಷ ಬಿಟ್ಟು ಸ್ನಾನಕ್ಕೆ ಹೋಗುವುದು. ಶವರ್ ಹಾಕಿಕೊಂಡು ಗೀಸರಿನ ಕೆಳಗೆ ನಿಲ್ಲುವುದೇ ಬೇಡ. ಒಬ್ಬರಾದ ಮೇಲೆ ಒಬ್ಬರು ಸಾಲಾಗಿ ಮೀಯುವ ಮನೆಗಳಲ್ಲಿ ಕೊನೆಯವರ ಪಾಲಿಗೆ ಉಳಿಯುವುದು ಕೆಟ್ಟ ಗಾಳಿ, ಆದ್ದರಿಂದ ನಡುನಡುವೆ ಬಾಗಿಲು, ವೆಂಟಿಲೇಟರ್ ತೆರೆದಿಡಬೇಕು. ವೆಂಟಿಲೇಟರಿನ ರಟ್ಟು ಇವತ್ತೇ ಕಿತ್ತುಹಾಕಿ. ಸೊಳ್ಳೆಗೆ ಜಾಲರಿ ಸಾಕು. ಎಕ್ಸಾಸ್ಟ್ ಫ್ಯಾನ್ ಇದ್ದರೂ ಬಾಗಿಲ ಬುಡದಲ್ಲಿ ಗಾಳಿ ಒಳಬರುವ ದಾರಿ ಇಲ್ಲದಿದ್ದರೆ ಅದು ಸುಮ್ಮನೆ ತಿರುಗುತ್ತದೆ. ಒಳಗೆ ಹೋದವರು ಚಿಲಕ ಹಾಕದಿರುವುದು, ಹೊರಗಿದ್ದವರು ಆಗಾಗ ಮಾತಾಡಿಸುವುದು ಒಳ್ಳೆಯ ರೂಢಿ. ಹಲವು ಗೀಸರುಗಳಲ್ಲಿ 20 ನಿಮಿಷಕ್ಕೆ ತಾನೇ ಆರುವ ವ್ಯವಸ್ಥೆ ಇರುತ್ತದೆ. ಮೇಲಿನ ಲೆಕ್ಕ ನೋಡಿದರೆ ಸಣ್ಣ ಬಚ್ಚಲಿಗೆ 20 ನಿಮಿಷ ತೀರಾ ಹೆಚ್ಚಾಯಿತು, ಅದನ್ನು ನಂಬಿ ಕೂರಲಾಗದು.

ಗೀಸರಿನ ಸಣ್ಣ ಕಿಂಡಿಯಲ್ಲಿ ಉರಿಯ ಬಣ್ಣ ನೋಡುವ ಅಭ್ಯಾಸವಿರಲಿ. ನೀಲಿ ಹೋಗಿ ಹಳದಿಯಾದರೆ, ಮೇಲುಭಾಗದಲ್ಲಿ ಮಸಿ ಕಟ್ಟಿದರೆ ಬರ್ನರಿನ ತೂತುಗಳಲ್ಲಿ ಧೂಳು, ಜೇಡರ ಬಲೆ ಸೇರಿರಬಹುದು. ಶುಚಿ ಮಾಡಿಸುವವರೆಗೆ ಹಚ್ಚಬಾರದು. ಅಡುಗೆ ಒಲೆಯಲ್ಲೂ ಪಾತ್ರೆಯ ತಳ ಕಪ್ಪಾಗತೊಡಗಿದರೆ ಇದೇ ಸೂಚನೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಗೀಸರಿನ ಕೊಳವೆಯೊಳಗೆ ಸುಣ್ಣದ ಪದರ ಕಟ್ಟಿ ನೀರು ಕಾಯುವುದು ನಿಧಾನವಾಗುತ್ತದೆ, ಜನ ಉರಿಯನ್ನು ಇನ್ನಷ್ಟು ಏರಿಸುತ್ತಾರೆ. ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುಂಚೆ, ಪೂರ್ತಿ ಬಿಚ್ಚಿಸಿ ತೊಳೆಸಬೇಕು. ಆದರೆ ಉರಿ ನೀಲಿಯಾಗಿದೆ, ಗೀಸರ್ ಹೊಸದು ಎಂದು ಮುಚ್ಚಿದ ಬಚ್ಚಲಲ್ಲಿ ಹಚ್ಚಿದರೆ ಹತ್ತು ನಿಮಿಷದ ಲೆಕ್ಕ ಬದಲಾಗುವುದಿಲ್ಲ.

ಗೌರಿಬಿದನೂರಿನ ಹೊರವಲಯದಲ್ಲಿ 1965ರಿಂದ ಭೂಕಂಪ ಮಾಪಕಗಳ ಸಾಲೊಂದಿದೆ. ಸಾವಿರಾರು ಕಿಲೋಮೀಟರ್ ದೂರದಲ್ಲಿ ನೆಲದಡಿ ಅಣುಬಾಂಬ್ ಸಿಡಿಸಿದರೂ ಅದು ಗುರುತಿಸುತ್ತದೆ. ಇದೇ ತಾಲ್ಲೂಕಿನ ರೇಡಿಯೊ ದೂರದರ್ಶಕ 1976ರಿಂದ ಆಕಾಶದ ಅಲೆಗಳನ್ನು ಹಿಡಿಯುತ್ತಾ ಬಂದಿದೆ. ಮನುಷ್ಯನ ಕಣ್ಣು, ಕಿವಿಗೆ ಸಿಗದ್ದನ್ನು ಉಪಕರಣ ಹಿಡಿಯುತ್ತದೆ ಎಂಬುದನ್ನು ಈ ಊರಿನವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಕಾರ್ಬನ್ ಮಾನಾಕ್ಸೈಡಿಗೂ ಅಂಗೈಯಗಲದ ಅಲಾರಂ ಉಂಟು. ಯುರೋಪಿನ ಇಎನ್ 50291 ಮಾನದಂಡದ ಗುರುತು ಇರುವ ಅಲಾರಂ 300 ಪಾಲು ವಿಷ ಕಂಡರೆ ಮೂರು ನಿಮಿಷದೊಳಗೆ ಕೂಗುತ್ತದೆ. ಅದನ್ನು ಹಬೆಯಾಡುವ ಬಚ್ಚಲೊಳಗೆ ಇಡದೆ ಬಾಗಿಲಿನ ಹೊರಗೆ, ಜನ ಮಲಗುವ ಕಡೆ ಇಡಬೇಕು. ಗ್ಯಾಸ್ ಸೋರಿಕೆ ಪತ್ತೆಹಚ್ಚುವ ಅಲಾರಂ ಬೇರೆ, ಇದು ಬೇರೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಕಾರ್ಬನ್ ಮಾನಾಕ್ಸೈಡ್ ಎಂದು ಇದೆಯೇ ನೋಡಿ ಕೊಳ್ಳಬೇಕು. ಒಳಗಿನ ಸಂವೇದಕಕ್ಕೆ ಆಯುಸ್ಸು ಇರುತ್ತದೆ, ಕಂಪನಿ ನಮೂದಿಸಿದ ವರ್ಷ ಮುಗಿದ ಮೇಲೆ ಬದಲಾಯಿಸಬೇಕು. ಅಲಾರಂ ಇದೆಯೆಂದು ಗೀಸರನ್ನು ಒಳಗೇ ಬಿಡುವುದು ಮಾತ್ರ ಸಲ್ಲದು.

ಬಚ್ಚಲಲ್ಲಿ ನೀರಿನ ಸದ್ದಿದೆ, ಕರೆದರೆ ಉತ್ತರವಿಲ್ಲ ಎಂದಾದರೆ ಬಾಗಿಲು ಒಡೆಯಲು ಹಿಂದೆಮುಂದೆ ನೋಡಬಾರದು. ಹೊರಗಿನಿಂದಲೇ ಸಿಲಿಂಡರ್ ಬಂದ್ ಮಾಡಲು ಸಾಧ್ಯವಿದ್ದರೆ ಒಬ್ಬರು ಅದನ್ನು ನೋಡಿಕೊಳ್ಳಲಿ. ಒಳಹೋಗುವವರು ದೀರ್ಘವಾಗಿ ಉಸಿರೆಳೆದು, ಬಿಗಿಹಿಡಿದು ಹೋಗಿ, ಬಿದ್ದವರನ್ನು ಎಳೆದು ತೆರೆದ ಗಾಳಿಗೆ ತರಬೇಕು. ಒಳಗೇ ಕೂತು ಮುಖಕ್ಕೆ ನೀರು ಚಿಮುಕಿಸುವುದು, ಕೈಗೆ ಕಬ್ಬಿಣ ಕೊಡುವುದು ಬೇಡ. ಕಾಪಾಡಲು ಹೋದವರೂ ಅಲ್ಲೇ ಬೀಳುತ್ತಾರೆ. ಉಸಿರು ನಿಂತಿದ್ದರೆ ಎದೆ ಒತ್ತುವುದನ್ನು ಶುರುಮಾಡಿ 108ಕ್ಕೆ ಕರೆ ಮಾಡಬೇಕು. ಬರಿ ಗ್ಯಾಸ್ ವಾಸನೆ ಬಂದ ಸಂದರ್ಭಕ್ಕೆ 1906 ಎಂಬ ಬೇರೆ ಸಹಾಯವಾಣಿ ಇದೆ.

ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು ‘ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂಬುದು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರ್ ಇಲ್ಲಿ ದಾರಿ ತಪ್ಪಿಸುತ್ತದೆ. ಬೆರಳಿಗೆ ಸಿಕ್ಕಿಸಿದ ಆ ಉಪಕರಣಕ್ಕೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿಗೂ ಕಾರ್ಬನ್ ಮಾನಾಕ್ಸೈಡ್ ಹೊತ್ತದ್ದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಸಾಯುವ ಸ್ಥಿತಿಯಲ್ಲಿರುವವರಿಗೂ 98 ಎಂದು ತೋರಿಸಬಹುದು. ಖಚಿತವಾಗಿ ತಿಳಿಯಲು ಕೋ-ಆಕ್ಸಿಮೀಟರ್ ಇರುವ ಕಡೆ ರಕ್ತಪರೀಕ್ಷೆ ಆಗಬೇಕು. ಆದರೆ ಚಿಕಿತ್ಸೆ ಪರೀಕ್ಷೆಗೆ ಕಾಯಬೇಕಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕಿನಲ್ಲಿ ಪೂರ್ತಿ ಆಮ್ಲಜನಕ ಕೊಡಬೇಕು, ಅದು ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುತ್ತದೆ. ಬರಿ ಗಾಳಿಯಲ್ಲಿ ಉಸಿರಾಡುತ್ತಿದ್ದರೆ ರಕ್ತದಲ್ಲಿರುವ ವಿಷ ಅರ್ಧಕ್ಕೆ ಇಳಿಯಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ; ಪೂರ್ತಿ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ. ಹಾಗಾಗಿ ಬೆಂಗಳೂರಿಗೇ ಹೋಗೋಣವೆಂದು ಕಾರು ಹತ್ತಿಸಿ ಎರಡು ಗಂಟೆ ಬರಿ ಗಾಳಿಯಲ್ಲಿ ಕರೆದೊಯ್ಯುವುದಕ್ಕಿಂತ ಹತ್ತಿರದಲ್ಲಿ ಆಮ್ಲಜನಕ ಹಾಕಿಸಿ, ಅದರೊಂದಿಗೇ ಮುಂದಕ್ಕೆ ಒಯ್ಯುವುದು ಜಾಣತನ. ಅದೇ ಬಚ್ಚಲಲ್ಲಿ ಜೊತೆಗಿದ್ದ ಕೂಸು, ಆಚೆ ಎಳೆದು ತಂದವರು ‘ನಮಗೇನೂ ಆಗಿಲ್ಲ’ ಎಂದರೂ ಪರೀಕ್ಷೆ ಮಾಡಿಸಬೇಕು.

ಮನೆಗೆ ಬಂದ ಮೇಲೂ ಕೆಲವು ವಾರ ಗಮನವಿಡಬೇಕು. ಚೆನ್ನಾಗಿ ಚೇತರಿಸಿಕೊಂಡವರಲ್ಲೂ ಕೆಲವರಿಗೆ ಕೆಲವು ದಿನಗಳಿಂದ ಒಂದು ತಿಂಗಳು, ಒಂದೂವರೆ ತಿಂಗಳ ನಡುವೆ ಮರೆವು ಶುರುವಾಗುತ್ತದೆ, ನಡಿಗೆ ನಿಧಾನವಾಗುತ್ತದೆ, ಕೈ ಬಿಗಿಯುತ್ತದೆ, ಸ್ವಭಾವ ಬದಲಾಗುತ್ತದೆ. ಮನೆಯವರು ಅದನ್ನು ಹೆದರಿಕೆ, ಸುಸ್ತು, ದೃಷ್ಟಿ ಎಂದು ಬಿಟ್ಟುಬಿಡುತ್ತಾರೆ. ಮಿದುಳಿಗೆ ಆದ ಪೆಟ್ಟು ತಡವಾಗಿ ಹೊರಬೀಳುವ ಬಗೆ ಅದು. ಹಾಗೆ ಕಂಡರೆ ಹಳೆಯ ಡಿಸ್ಚಾರ್ಜ್ ಚೀಟಿ ಹಿಡಿದು ನರರೋಗ ತಜ್ಞರ ಬಳಿಗೆ, ನಿಮ್ಹಾನ್ಸಿಗಾದರೂ ಸರಿ, ಕರೆದುಕೊಂಡು ಹೋಗಿ, ಗೀಸರಿನ ವಿಷಯದಿಂದಲೇ ಮಾತು ಶುರುಮಾಡಬೇಕು.